ಆನ್‌ಲೈನ್ ಕಛೇರಿ: ಮೊದಲು ಮೈಕು, ಆಮೇಲೆ ಕ್ಯಾಮೆರಾ

ತಿಂಗಳ ಸಂಬಳವಿಲ್ಲದೆ ಕಛೇರಿ, ಪಾಠಗಳನ್ನೇ ನೆಚ್ಚಿಕೊಂಡ ಸಂಗೀತಗಾರರಿಗೆ ನೆರವಾಗಬೇಕೆಂದು ಆನ್‌ಲೈನ್ ಕಛೇರಿ ಏರ್ಪಡಿಸುವವರು ಮತ್ತೆ ಮತ್ತೆ ಮಾಡುವ ತಪ್ಪು ಒಂದೇ. ಇದ್ದಬದ್ದ ದುಡ್ಡನ್ನೆಲ್ಲ ಕ್ಯಾಮೆರಾ, ದೀಪಗಳಿಗೆ ಸುರಿದು ದನಿಯನ್ನು ಲ್ಯಾಪ್‌ಟಾಪಿನ ಮೈಕಿಗೆ ಬಿಟ್ಟುಬಿಡುತ್ತಾರೆ. ಚಿತ್ರ ಮಸುಕಾದರೆ ಜನ ಕಣ್ಣು ಮುಚ್ಚಿಕೊಂಡಾದರೂ ಕೇಳುತ್ತಾರೆ. ದನಿ ಕೆಟ್ಟರೆ ಎದ್ದು ಹೋಗುತ್ತಾರೆ. ಮುಂದಿನ ಕಛೇರಿಗೂ ಬರುವುದಿಲ್ಲ, ಪಾಠಕ್ಕೂ ಸೇರುವುದಿಲ್ಲ.

1. ಸಂಭಾವನೆ. ಟಿಕೆಟ್ ಎಷ್ಟೇ ಹೋಗಲಿ, ಇಷ್ಟು ಕೊಟ್ಟೇ ಕೊಡುತ್ತೇವೆ ಎಂಬ ಮೊತ್ತವನ್ನು ಮೊದಲೇ ಗೊತ್ತುಮಾಡಿ, ಅರ್ಧ ಮುಂಗಡ ಕೊಡಿ. ಪಕ್ಕವಾದ್ಯದವರ ಸಂಭಾವನೆಯನ್ನು ಬೇರೆಯಾಗಿಯೇ ಬರೆಯಿರಿ. ಟಿಕೆಟ್ ತಾಣ ಮುರಿದುಕೊಳ್ಳುವ ಶುಲ್ಕ ಯಾರ ಪಾಲಿನಿಂದ ಹೋಗುತ್ತದೆ, ರೆಕಾರ್ಡಿಂಗ್ ಎಷ್ಟು ದಿನ ಇರುತ್ತದೆ, ಆಮೇಲೆ ಅದು ಯಾರದು ಎಂಬ ಮೂರು ಸಂಗತಿಗಳು ಕಾಗದದ ಮೇಲೆ ಇರಬೇಕು. ‘ಪ್ರಚಾರ ಸಿಗುತ್ತದಲ್ಲ’ ಎಂದು ಪುಕ್ಕಟೆ ಹಾಡಿಸುವುದನ್ನು ನೆರವು ಎನ್ನಲಾಗದು.

2. ಕೋಣೆ. ಪರದೆ, ಜಮಖಾನ ಇರುವ ಸಣ್ಣ ಕೋಣೆ ಸಾಕು. ಫ್ಯಾನ್ ನಿಲ್ಲಿಸಿ.

3. ದನಿ. ಅರ್ಧ ದಿನ ಇದಕ್ಕೇ ಇಡಿ. ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ), ಹಾಡುವವರಿಗೊಂದು, ವಾದ್ಯಕ್ಕೊಂದು ಮೈಕು ಇದ್ದರೆ ಸಾಕು. ಹೊರಗಿನಿಂದ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕಾದರೆ ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತಲೇಬೇಕು. ಒತ್ತದಿದ್ದರೆ ಮೈಕು ಮೂಕ. ‘ಸ್ಟುಡಿಯೊ ಗುಣಮಟ್ಟ’ ಎಂದು ಪೆಟ್ಟಿಗೆಯ ಮೇಲೆ ಬರೆದು, ಫೋನಿನ ಜ್ಯಾಕಿಗೆ ಸಿಕ್ಕಿಸುವಂತೆ ಮಾರುವ ಅಗ್ಗದ ಕಂಡೆನ್ಸರ್‌ಗಳನ್ನು ಕೊಳ್ಳಲೇಬೇಡಿ.

ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಇಡುವಾಗ ‘ಒಂದು ಸಾಲು ಹಾಡಿ’ ಎಂದರೆ ಎಲ್ಲರೂ ಮೆಲ್ಲಗೆ ಹಾಡುತ್ತಾರೆ. ಕಛೇರಿ ಕಾವೇರಿದಾಗ ಅದೇ ಗೇನ್‌ನಲ್ಲಿ ದನಿ ಒಡೆಯುತ್ತದೆ, ಒಡೆದ ದನಿಯನ್ನು ಆಮೇಲೆ ಸರಿಪಡಿಸಲಾಗದು. ತಾರಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡಿಸಿ, ಆಗ ಮೀಟರಿನ ಮುಳ್ಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡುವಂತೆ ಇಡಿ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ದನಿಯ ಎಷ್ಟು ಮಾದರಿ ತೆಗೆಯಬೇಕೆಂಬ ಲೆಕ್ಕ, ಇಂಟರ್‌ಫೇಸ್, ಕಂಪ್ಯೂಟರ್, ಒಬಿಎಸ್ (ನೇರ ಪ್ರಸಾರಕ್ಕೆ ಬಳಸುವ ತಂತ್ರಾಂಶ) ಮೂರರಲ್ಲೂ 48,000 ಇರಲಿ. ಒಂದರಲ್ಲಿ 44,100 ಉಳಿದುಬಿಟ್ಟರೆ ಚಿಟಪಟ ಸದ್ದು ಬರಬಹುದು. ಕೆಲವೊಮ್ಮೆ ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನ ಸರಿಯುತ್ತದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಕಛೇರಿಗಳನ್ನು ಕೆಡಿಸುವ ಸಂಗತಿ: ಗದ್ದಲ ತೆಗೆಯುವ ಸೌಲಭ್ಯ (ನಾಯ್ಸ್ ಸಪ್ರೆಷನ್). ಅದು ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಕೇಳುವ ಸದ್ದೆಲ್ಲ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು. ತಂಬೂರಿ ಮೀಟಿದ ಮೊದಲ ಕ್ಷಣ ಕೇಳಿಸುತ್ತದೆ, ಆಮೇಲಿನ ಝೇಂಕಾರ ಮಾಯ. ಕೊಳಲಿನ ದೀರ್ಘ ಸ್ವರ ನಡುವೆಯೇ ಸೊರಗುತ್ತದೆ. ಒಬಿಎಸ್‌ನಲ್ಲಿ ಈ ಫಿಲ್ಟರ್ ತೆಗೆದುಹಾಕಿ. ಜೂಮ್‌ನಲ್ಲಾದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆರಿಸಿ, ಹೈ ಫಿಡೆಲಿಟಿ ಮೋಡ್‌ಗೆ ಗುರುತು ಹಾಕಿ, ಎಕೋ ಕ್ಯಾನ್ಸಲೇಷನ್ (ಮಾರ್ದನಿ ಅಳಿಸುವ ಸೌಲಭ್ಯ) ತೆಗೆಯಿರಿ. ಸೆಟ್ಟಿಂಗ್‌ನಲ್ಲಿ ಆರಿಸಿ ಸುಮ್ಮನಾಗಬೇಡಿ. ಮೀಟಿಂಗ್ ಪರದೆಯ ಮೇಲೂ ಅದು ‘ಆನ್’ ಎಂದು ತೋರಿಸುತ್ತಿದೆಯೇ ಎಂದು ಪ್ರತಿ ಸಲ ನೋಡಿ.

ತುಟಿ ಮತ್ತು ದನಿ ಹೊಂದದಿದ್ದರೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿಸಿ ರೆಕಾರ್ಡ್ ಮಾಡಿ, ಒಂದೊಂದೇ ಫ್ರೇಮ್ ಸರಿಸುತ್ತ ನೋಡಿ. ಸೆಕೆಂಡಿಗೆ 30 ಫ್ರೇಮ್ ಆದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡು. ಕೈಗಳು ಸೇರುವುದಕ್ಕಿಂತ ಮೂರು ಫ್ರೇಮ್ ಮೊದಲೇ ಸದ್ದು ಬಂದಿದ್ದರೆ, ದನಿಯನ್ನು ಅಷ್ಟು ತಡಮಾಡಲು ಒಬಿಎಸ್‌ನ ‘ಸಿಂಕ್ ಆಫ್‌ಸೆಟ್’ನಲ್ಲಿ 100 ಮಿಲಿಸೆಕೆಂಡು ಹಾಕಿ.

ಹಾಡುವವರು ಒಂದು ಮನೆಯಲ್ಲಿ, ಪಕ್ಕವಾದ್ಯ ಇನ್ನೊಂದು ಮನೆಯಲ್ಲಿ ಕೂತು ವಿಡಿಯೊ ಕರೆಯಲ್ಲಿ ನುಡಿಸಲು ಹೋಗಬೇಡಿ. ದನಿ ಸುಮಾರು 30 ಮಿಲಿಸೆಕೆಂಡು ತಡವಾದರೂ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತ ಲಯ ಜಗ್ಗುತ್ತದೆ. ಸಾಮಾನ್ಯ ಕರೆಯಲ್ಲಿ ತಡ ಅದಕ್ಕಿಂತ ಎಷ್ಟೋ ಹೆಚ್ಚು. ಪ್ರಯಾಣದ ಖರ್ಚು ಕೊಟ್ಟು ಎಲ್ಲರನ್ನೂ ಒಂದೇ ಕೋಣೆಗೆ ಕರೆಸಿ.

4. ಇಂಟರ್‌ನೆಟ್. ವೈಫೈ ಬೇಡ, ಕೇಬಲ್ ಹಾಕಿ. ನೀವು ಕಳಿಸುವ ಬಿಟ್‌ರೇಟಿನ (ಸೆಕೆಂಡಿಗೆ ಹೋಗುವ ಚಿತ್ರ, ದನಿಯ ಮಾಹಿತಿಯ ಪ್ರಮಾಣ) ಎರಡರಷ್ಟಾದರೂ ಅಪ್‌ಲೋಡ್ ವೇಗ ಇರಲಿ. ಸಾಲದಿದ್ದರೆ ಚಿತ್ರವನ್ನು 1080ರಿಂದ 720ಕ್ಕೆ ಇಳಿಸಿ, ದನಿಯ ಬಿಟ್‌ರೇಟ್ ಮುಟ್ಟಬೇಡಿ.

5. ಕಛೇರಿಯಿಂದ ಪಾಠಕ್ಕೆ. ಕಛೇರಿ ಒಂದು ಸಂಜೆಯ ದುಡಿಮೆ, ಮನೆ ನಡೆಸುವುದು ಪಾಠ. ಹಾಡು ಮುಗಿದು ಜನ ಇನ್ನೂ ಪರದೆಯ ಮುಂದಿರುವಾಗಲೇ ನಾಲ್ಕು ವಾರದ ತರಗತಿಯ ದಿನ, ಹೊತ್ತು, ಶುಲ್ಕ, ಸೇರುವ ಕೊಂಡಿ ತೋರಿಸಿ. ಒಂದು ತಂಡಕ್ಕೆ ಆರು ಮಂದಿಗಿಂತ ಹೆಚ್ಚು ಬೇಡ, ಹೆಚ್ಚಾದರೆ ಒಬ್ಬೊಬ್ಬರ ಶ್ರುತಿ ತಿದ್ದಲು ಹೊತ್ತು ಸಾಲುವುದಿಲ್ಲ.

ಗುರು–ಶಿಷ್ಯರಿಬ್ಬರೂ ತಂತಿಯ ಹೆಡ್‌ಫೋನ್ ಹಾಕಿಕೊಳ್ಳಲಿ. ಬ್ಲೂಟೂತ್ ದನಿಯನ್ನು ತಡಮಾಡುತ್ತದೆ, ಅದರ ಮೈಕನ್ನೂ ಬಳಸಿದರೆ ಕೇಳುವ ದನಿಯೂ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಒಟ್ಟಿಗೆ ಹಾಡಿಸಲು ಹೋಗದೆ ಗುರು ಒಂದು ಸಾಲು, ಶಿಷ್ಯ ಒಂದು ಸಾಲು ಎಂದು ನಡೆಸಿ. ತಾಳದ ಅಭ್ಯಾಸಕ್ಕೆ ಗುರುಗಳೇ ಹಾಡಿದ ರೆಕಾರ್ಡಿಂಗ್ ಕಳಿಸಿ, ಶಿಷ್ಯರು ಮನೆಯಲ್ಲಿ ಅದರ ಜೊತೆ ಹಾಡಿ ಫೋನಿನಲ್ಲಿ ಹಿಡಿದು ತರಗತಿಗೆ ಎರಡು ದಿನ ಮೊದಲು ಕಳಿಸಲಿ. ‘1 ನಿಮಿಷ 20 ಸೆಕೆಂಡಿನಲ್ಲಿ ಗಾಂಧಾರ ಇಳಿದಿದೆ’ ಎಂದು ಗುರುತು ಹಾಕಿಕೊಟ್ಟರೆ ತರಗತಿಯ ಹೊತ್ತು ಉಳಿಯುತ್ತದೆ. ಹಾಗೆ ಕೇಳಿ ತಿದ್ದುವ ಹೊತ್ತೂ ಗುರುಗಳ ದುಡಿಮೆಯೇ. ಅದನ್ನು ತಿಂಗಳ ಶುಲ್ಕದಲ್ಲಿ ಸೇರಿಸಿ, ಶುಲ್ಕವನ್ನು ಮೊದಲ ತರಗತಿಗೂ ಮುಂಚೆ ತೆಗೆದುಕೊಳ್ಳಿ.