ತತ್ವ ಇಟ್ಟುಕೊಂಡ ಹಂತಕನನ್ನು ಹಿಡಿಯುವ ಕಥೆ ಬರೆದಾಗ

ಥ್ರಿಲ್ಲರ್ ಬರೆಯಬೇಕು ಅಂತ ಕೂತಾಗ ನನ್ನ ಹತ್ತಿರ ಇದ್ದದ್ದು ಹಂತಕ ಮಾತ್ರ. ದುಡ್ಡಿಗೆ ಕೊಲ್ಲುತ್ತಾನೆ, ಆದರೆ ಸಿಕ್ಕಸಿಕ್ಕವರನ್ನು ಕೊಲ್ಲುವುದಿಲ್ಲ. ಪಕ್ಕದಲ್ಲಿ ಮಗು ಇದ್ದರೆ ಬಂದೂಕು ಕೆಳಗಿಳಿಸುತ್ತಾನೆ. ಇಂಥವನನ್ನು ಓದುಗರು ಬೇಗ ಹಚ್ಚಿಕೊಳ್ಳುತ್ತಾರೆ. ಕಷ್ಟ ಇರುವುದು ಅಲ್ಲೇ. ಅವನ ಮೇಲೆ ಅಷ್ಟು ಪ್ರೀತಿ ಬಂದ ಮೇಲೆ, ಅವನನ್ನು ಹಿಡಿಯಲು ಹೊರಟ ಪತ್ತೇದಾರಿ ಗೆಲ್ಲಲಿ ಅಂತ ಯಾರಿಗಾದರೂ ಯಾಕೆ ಅನ್ನಿಸಬೇಕು?

ದಾರಿ ಸಿಕ್ಕಿದ್ದು 1905ರ ಮಾಸ್ಕೋದಲ್ಲಿ. ಇವಾನ್ ಕಲ್ಯಾಯೆವ್ ಎಂಬ ಕ್ರಾಂತಿಕಾರಿ ಬಾಂಬ್ ಹಿಡಿದು ಗ್ರ್ಯಾಂಡ್ ಡ್ಯೂಕ್ ಸೆರ್ಗೆಯ್‌ನ ಗಾಡಿಗಾಗಿ ಕಾದಿದ್ದ. ಸೆರ್ಗೆಯ್ ಅಂದರೆ ರಷ್ಯಾದ ಆಗಿನ ಚಕ್ರವರ್ತಿ ತ್ಸಾರ್‌ನ ಚಿಕ್ಕಪ್ಪ. ಗಾಡಿ ಬಂತು. ಒಳಗೆ ಡ್ಯೂಕ್‌ನ ಹೆಂಡತಿಯೂ ಅವನ ತಮ್ಮನ ಮಕ್ಕಳೂ ಕೂತಿದ್ದರು. ಎತ್ತಿದ ಕೈಯನ್ನು ಕಲ್ಯಾಯೆವ್ ಇಳಿಸಿಬಿಟ್ಟ. ಎರಡು ದಿನ ಬಿಟ್ಟು ಡ್ಯೂಕ್ ಒಬ್ಬನೇ ಇದ್ದಾಗ ಕೊಂದ. ಅದೇ ವರ್ಷ ಮೇ ತಿಂಗಳಲ್ಲಿ ಅವನನ್ನು ನೇಣಿಗೆ ಹಾಕಿದರು.

ಈ ಪ್ರಸಂಗ ಹೇಳುವವರೆಲ್ಲ ಮಕ್ಕಳು ಉಳಿದ ಕಥೆ ಹೇಳುತ್ತಾರೆ. ಆದರೆ ಎರಡನೇ ದಿನ ಡ್ಯೂಕ್ ನಿಜವಾಗಿ ಒಬ್ಬನೇ ಇರಲಿಲ್ಲ. ಗಾಡಿ ಹೊಡೆಯುವವನೂ ಇದ್ದ. ಗಾಯದಿಂದ ಅವನೂ ಸತ್ತ. ಅದನ್ನು ಓದಿದ ಮೇಲೆ ನನ್ನ ಪತ್ತೇದಾರಿ ಯಾರ ಪರ ನಿಲ್ಲುತ್ತಾಳೆ ಅನ್ನುವುದು ಗೊತ್ತಾಯಿತು. ಹಂತಕನ ತತ್ವದ ಲೆಕ್ಕಕ್ಕೆ ಬಾರದ ಒಬ್ಬ ಮನುಷ್ಯ ಇರುತ್ತಾನೆ. ಅವಳು ಹೊರಡುವುದು ಅವನಿಗಾಗಿ. ನನ್ನ ಕಾದಂಬರಿಯಲ್ಲಿ ಅವನು ಕಾರ್ ಡ್ರೈವರ್. ಹಿಂದಿನ ಸೀಟಿನವನನ್ನು ಗುರಿಯಿಟ್ಟ ಗುಂಡು ಇವನನ್ನೂ ತೆಗೆಯುತ್ತದೆ.

ತನಿಖೆಯ ಭಾಗಕ್ಕೆ ಜಾಸ್ತಿ ಓದಬೇಕಾಯಿತು. ಒಂದು ಉದಾಹರಣೆ ಕೊಡುತ್ತೇನೆ. ದಾರಿಹೋಕನೊಬ್ಬ ಸುಮ್ನೆ ತೆಗೆದ ಮೊಬೈಲ್ ವಿಡಿಯೋದಲ್ಲಿ ಮೊದಲು ಕಾರಿನ ಗಾಜು ಒಡೆಯುತ್ತದೆ. ಬಂದೂಕಿನ ಸದ್ದು ಆಮೇಲೆ ಕೇಳುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರೈಫಲ್ ಗುಂಡು ಹೊರಡುವಾಗ ಅದರ ವೇಗ ಸುಮಾರು 800 ಮೀಟರ್, ದಾರಿಯಲ್ಲಿ ಕಡಿಮೆಯಾಗುತ್ತ ಬರುತ್ತದೆ. 600 ಮೀಟರ್ ದೂರದಿಂದ ಹೊಡೆದರೆ ಗುಂಡು ಒಂದು ಸೆಕೆಂಡಿನ ಹತ್ತಿರ ಹತ್ತಿರ ತಗೊಳ್ಳುತ್ತದೆ, ಸದ್ದು ಒಂದೂಮುಕ್ಕಾಲು ಸೆಕೆಂಡು. ನಡುವೆ ಉಳಿಯುವ ಮುಕ್ಕಾಲು ಸೆಕೆಂಡನ್ನು ಹಿಡಿದು ಅವಳು ನಕ್ಷೆಯ ಮೇಲೆ ವೃತ್ತ ಎಳೆಯುತ್ತಾಳೆ. ಆ ವೃತ್ತದಲ್ಲಿ ಎತ್ತರದ ಕಟ್ಟಡಗಳು ಕೆಲವೇ. ಇಷ್ಟನ್ನು ಒಂದು ಪುಟದಲ್ಲಿ ಮುಗಿಸಿದೆ. ಓದುಗರು ಅವಳ ಜೊತೆಗೇ ಲೆಕ್ಕ ಹಾಕಬೇಕು, ಪಾಠ ಕೇಳಿದ ಹಾಗೆ ಆಗಬಾರದು. ಇನ್ನು ಸೈಲೆನ್ಸರ್ ಹಾಕಿದರೆ ಬಂದೂಕು ಮೆತ್ತಗೆ ‘ಫುಟ್’ ಅನ್ನುವುದು ಸಿನಿಮಾದಲ್ಲಿ ಮಾತ್ರ. 160 ಡೆಸಿಬೆಲ್ ಆಸುಪಾಸಿನ ಸದ್ದು 130ರ ಹತ್ತಿರ ಇಳಿಯಬಹುದು, ಅಷ್ಟೇ. ಅದಕ್ಕೇ ಅದನ್ನು ಕಥೆಯಿಂದ ಬಿಟ್ಟೆ.

ಹಂತಕನ ತತ್ವ ಏನು ಅನ್ನುವುದನ್ನು ಅವನ ಬಾಯಿಂದ ಎಲ್ಲೂ ಹೇಳಿಸಲಿಲ್ಲ. ಅವಳೇ ಕಂಡುಹಿಡಿಯುತ್ತಾಳೆ, ಅದೂ ನಡೆಯದ ಕೊಲೆಯಿಂದ. ಹಳೆಯ ಫೈಲೊಂದರಲ್ಲಿ ಒಂದು ಖಾಲಿ ಕೋಣೆ ಇದೆ. ಕಿಟಕಿಯ ಬಳಿ ದೂಳಿನಲ್ಲಿ ಮೊಣಕೈ ಊರಿದ ಎರಡು ಗುರುತು. ಯಾರೋ ತುಂಬಾ ಹೊತ್ತು ಮಲಗಿ ಕಾದಿದ್ದಾರೆ. ಕಿಟಕಿಯಿಂದ ನೇರ ಕಾಣುವುದು ಒಬ್ಬ ದೊಡ್ಡ ಮನುಷ್ಯನ ಮನೆ ಬಾಗಿಲು. ಆ ಮನುಷ್ಯ ಇವತ್ತಿಗೂ ಬದುಕಿದ್ದಾನೆ. ಅವಳು ಆ ದಿನದ ಕ್ಯಾಮೆರಾ ದೃಶ್ಯ ತರಿಸಿ ನೋಡುತ್ತಾಳೆ. ಅವನು ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಬಂದಿರುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟದ ಅಧ್ಯಾಯ ಇದು. ಹಾರದ ಗುಂಡಿನಿಂದ ಒಬ್ಬನ ಸ್ವಭಾವ ಪೂರ್ತಿ ಗೊತ್ತಾಗುತ್ತದೆ ಅಲ್ವಾ?

ನಿಯಮ ಗೊತ್ತಾದ ತಕ್ಷಣ ಅವಳ ಮೇಲಧಿಕಾರಿ ಸುಲಭದ ಬಲೆ ಸೂಚಿಸುತ್ತಾನೆ: ಮುಂದಿನ ಗುರಿಯ ಪಕ್ಕ ಸದಾ ಒಂದು ಮಗು ಇರಲಿ. ಅವಳು ಒಪ್ಪುವುದಿಲ್ಲ. ಇಲ್ಲಿ ದೊಡ್ಡ ಭಾಷಣ ಬರೆಯಬಹುದಿತ್ತು, ಬೇಕಾಗಲಿಲ್ಲ. ‘ಆಗಲ್ಲ ಸರ್’ ಎಂದು ಎದ್ದು ಹೋಗುತ್ತಾಳೆ. ಆ ದಾರಿ ಮುಚ್ಚಿದ್ದರಿಂದಲೇ ಅವಳು ಡ್ರೈವರನ ಮನೆಗೆ ಹೋಗುತ್ತಾಳೆ.

ಅಲ್ಲಿ ಏನು ಸಿಗುತ್ತದೆ ಅನ್ನುವುದು ಓದುಗರಿಗೆ ಮೊದಲೇ ಗೊತ್ತು. ಅದನ್ನು ಬೇಕೆಂದೇ ಹಾಗೆ ಇಟ್ಟೆ. ಡ್ರೈವರ್ ಸತ್ತದ್ದನ್ನು ಪೇಪರಿನಲ್ಲಿ ಓದಿದ ಹಂತಕ ಅವನ ಹೆಂಡತಿಗೆ ಲಕೋಟೆಯಲ್ಲಿ ದುಡ್ಡು ಕಳಿಸುವ ಅಧ್ಯಾಯ ಮೊದಲು ಬರುತ್ತದೆ. ಅದನ್ನು ಬಚ್ಚಿಟ್ಟಿದ್ದರೆ ಓದುಗರು ಒಂದು ಕ್ಷಣ ಬೆಚ್ಚಿಬೀಳುತ್ತಿದ್ದರು, ಅಷ್ಟೇ. ಮೊದಲೇ ಹೇಳಿದ್ದರಿಂದ ಪುಟಗಟ್ಟಲೆ ಉಸಿರು ಹಿಡಿದು ಕಾಯುತ್ತಾರೆ: ಇವಳು ಆ ಮನೆಯ ಮೆಟ್ಟಿಲು ಹತ್ತುತ್ತಾಳಾ, ಆ ಹೆಂಗಸು ಬಾಯಿ ಬಿಡುತ್ತಾಳಾ? ಅವನು ಸಿಕ್ಕಿಬೀಳಬಾರದು ಅಂತಲೂ ಅನ್ನಿಸುತ್ತಿರುತ್ತದೆ, ಬೀಳಲೇಬೇಕು ಅಂತಲೂ ಅನ್ನಿಸುತ್ತಿರುತ್ತದೆ. ಮೊದಲ ಸಾಲಿನಿಂದ ನನಗೆ ಬೇಕಿದ್ದದ್ದು ಈ ಎಳೆದಾಟವೇ.

ಲಕೋಟೆಯ ಜಾಡು ಹಿಡಿದು ಅವನನ್ನು ಬಂಧಿಸುತ್ತಾಳೆ. ಓಟ, ಗುಂಡಿನ ಕಾಳಗ ಯಾವುದೂ ಇಲ್ಲ. ಕೊನೆಯ ಅಧ್ಯಾಯ ವಿಚಾರಣೆಯದು. ತಾನು ಯಾರ್ಯಾರನ್ನು ಬಿಟ್ಟುಬಿಟ್ಟೆ ಎಂದು ಅವನು ಹೇಳುತ್ತಾನೆ. ಅವಳು ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಡ್ರೈವರನ ಹೆಂಡತಿ ಕೊಟ್ಟ ಹೇಳಿಕೆಯನ್ನು ಓದಿ ಹೇಳುತ್ತಾಳೆ. ಅದನ್ನು ಠಾಣೆಯಲ್ಲಿ ಬರೆದುಕೊಳ್ಳುವ ಹೇಳಿಕೆಯ ಒಣ ಧಾಟಿಯಲ್ಲೇ ಬರೆದೆ, ಒಂದು ವಿಶೇಷಣವನ್ನೂ ಸೇರಿಸಲಿಲ್ಲ: ಲಕೋಟೆ ಬಂದ ದಿನ, ಒಳಗಿದ್ದ ಮೊತ್ತ, ಕೊನೆಗೆ ಅದರಲ್ಲಿ ಒಂದು ನೋಟನ್ನೂ ತಾನು ಮುಟ್ಟಿಲ್ಲ ಎಂಬ ಮಾತು.