‘ಸ್ವಲ್ಪ ಮುಂಚೆ’, ‘ಮೇಲೆಯೇ’, ‘ತಕ್ಷಣ’: ಇಂಗ್ಲಿಷಿನ ಭೂತಕಾಲದ ವಾಕ್ಯದಲ್ಲಿ ಇವನ್ನು ಕೂರಿಸುವ ಬಗೆ

ಮಂಡ್ಯ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ‘ಬಿಫೋರ್’, ‘ಆಫ್ಟರ್’, ‘ವೆನ್’ ಬರುವ ವಾಕ್ಯಗಳನ್ನು ಹೇಳಿಕೊಡುವಾಗ ನಾನು ಇಂಗ್ಲಿಷ್ ಸೂತ್ರದಿಂದ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ ಮೊದಲು ಬರುವುದು ಕನ್ನಡ ವಾಕ್ಯವೇ. ಈ ಪಾಠದಲ್ಲಿ ಮಕ್ಕಳು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡದ ಯಾವ ರೂಪದಿಂದ ಬಂದವು ಎಂದು ಬೆರಳಿಟ್ಟು ತೋರಿಸಬಹುದು.

‘ನಾವು ಸ್ಟೇಷನ್ ತಲುಪೋದಕ್ಕೆ ಸ್ವಲ್ಪ ಮುಂಚೆ ರೈಲು ಹೊರಟುಹೋಯಿತು.’ ಇದರಲ್ಲಿ ‘ಸ್ವಲ್ಪ ಮುಂಚೆ’ ಎಂಬೆರಡು ಪದಗಳನ್ನೂ ಸೇರಿಸಿ ಒಂದೇ ಚೌಕ ಎಳೆಯಬೇಕು. ಎರಡು ಚೌಕ ಎಳೆದರೆ ಕೆಲಸ ಕೆಟ್ಟಿತು. ಆಮೇಲೆ ಇಂಗ್ಲಿಷಿಗೆ ಬರುವಾಗ ರೈಲಿನ ಮಾತು ಮೊದಲು, ನಡುವೆ ಚೌಕ, ಕೊನೆಗೆ ನಾವು ತಲುಪಿದ ಮಾತು: ‘ದ ಟ್ರೈನ್ ಲೆಫ್ಟ್ ಜಸ್ಟ್ ಬಿಫೋರ್ ವಿ ರೀಚ್ಡ್ ದ ಸ್ಟೇಷನ್.’ ಅಕ್ಕಪಕ್ಕದ ತುಂಡುಗಳು ಜಾಗ ಬದಲಿಸಿದವು, ಚೌಕದ ಒಳಗಿನ ಕ್ರಮ ಮಾತ್ರ ಹಾಗೇ ಉಳಿಯಿತು. ‘ಸ್ವಲ್ಪ’ದ ಜಾಗಕ್ಕೆ ‘ಜಸ್ಟ್’, ‘ಮುಂಚೆ’ಯ ಜಾಗಕ್ಕೆ ‘ಬಿಫೋರ್’.

ಚೌಕ ಒಡೆದರೆ ಅರ್ಥವೇ ಬೇರೆ ಕಡೆ ಹೋಗುತ್ತದೆ. ‘ದ ಟ್ರೈನ್ ಜಸ್ಟ್ ಲೆಫ್ಟ್’ ಎಂದು ಬರೆದರೆ ‘ಜಸ್ಟ್’ ಹೊರಡುವ ಕ್ರಿಯೆಗೆ ಅಂಟಿಕೊಂಡು ‘ಈಗಷ್ಟೇ ಹೊರಟಿತು’ ಅಥವಾ ‘ಸುಮ್ಮನೆ ಹೊರಟುಬಿಟ್ಟಿತು’ ಎಂಬ ಧ್ವನಿ ಕೊಡುತ್ತದೆ. ಎಷ್ಟು ಮುಂಚೆ ಎಂಬ ಲೆಕ್ಕ ಕೈಬಿಟ್ಟುಹೋಗುತ್ತದೆ. ಅನುಮಾನ ಬಂದಾಗ ಒಂದು ಪ್ರಶ್ನೆ ಕೇಳಿಸುತ್ತೇನೆ. ಆ ಪದ ‘ಎಷ್ಟು ಮುಂಚೆ, ಎಷ್ಟು ಆಮೇಲೆ’ ಎಂಬುದಕ್ಕೆ ಉತ್ತರವಾದರೆ ‘ಬಿಫೋರ್’, ‘ಆಫ್ಟರ್’ ಪಕ್ಕ ಕೂರಬೇಕು. ‘ಹೇಗೆ’ ಎಂಬುದಕ್ಕೆ ಉತ್ತರವಾದರೆ, ‘ಕ್ವಿಕ್ಲಿ’, ‘ಸೈಲೆಂಟ್ಲಿ’ ಥರದವು, ಅದರ ಜಾಗ ಕ್ರಿಯಾಪದದ ಹತ್ತಿರ.

ಅಂಕಿ ಬಂದಾಗಲೂ ಇದೇ ಚೌಕ: ‘ಟೆನ್ ಮಿನಿಟ್ಸ್ ಬಿಫೋರ್ ವಿ ರೀಚ್ಡ್’. ಆದರೂ ‘ಬಿಫೋರ್ ಟೆನ್ ಮಿನಿಟ್ಸ್’ ಎಂದು ಬರೆಯುವವರೇ ಜಾಸ್ತಿ. ‘ಮೇಜಿನ ಮೇಲೆ’ ಎಂಬುದು ‘ಆನ್ ದ ಟೇಬಲ್’ ಆಗುತ್ತದೆ, ಕೊನೆಯ ಪದ ಮುಂದಕ್ಕೆ ಬರುತ್ತದೆ ಎಂದು ಚಿಕ್ಕ ತರಗತಿಯಲ್ಲೇ ಕಲಿತಿರುತ್ತಾರೆ. ಆ ಅಭ್ಯಾಸವನ್ನು ಅನ್ವಯಿಸಬಾರದ ಕಡೆಯೂ ಅನ್ವಯಿಸುತ್ತಾರೆ.

ಯಾವ ಪದ ಯಾವುದರ ಜೊತೆ ಹೋಗುತ್ತದೆ ಎಂಬುದಕ್ಕೆ ನಮ್ಮೂರ ಚರಿತ್ರೆಯ ಇಸವಿಗಳನ್ನೇ ಕೊಡುತ್ತೇನೆ. ಇಸವಿ ಕಣ್ಣೆದುರಿಗಿದ್ದರೆ ಅಂತರ ಎಷ್ಟು ಎಂಬುದನ್ನು ಊಹಿಸಬೇಕಿಲ್ಲ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು; ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದದ್ದು ಅದೇ ವರ್ಷದ ಜೂನ್ 30ರಂದು. ನಡುವೆ ಎರಡು ತಿಂಗಳೂ ಇಲ್ಲ, ಹಾಗಾಗಿ ‘ಶಾರ್ಟ್ಲಿ ಆಫ್ಟರ್’ ಅಥವಾ ‘ಸೂನ್ ಆಫ್ಟರ್’. ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದದ್ದು 1897ರಲ್ಲಿ, ಈಗಿನದು ಮುಗಿದದ್ದು 1912ರಲ್ಲಿ: ‘ಫಿಫ್ಟೀನ್ ಇಯರ್ಸ್ ಆಫ್ಟರ್’. ಕೆಆರ್‌ಎಸ್ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ: ‘ಲಾಂಗ್ ಬಿಫೋರ್’. ಇಲ್ಲಿ ಒಂದು ವಿಷಯ ಬಾಯಿಪಾಠವೇ ಆಗಬೇಕು. ‘ಶಾರ್ಟ್ಲಿ’, ‘ಲಾಂಗ್’, ‘ಜಸ್ಟ್’, ‘ಇಮ್ಮೀಡಿಯೇಟ್ಲಿ’ ಎರಡರ ಜೊತೆಗೂ ಬರುತ್ತವೆ. ‘ಸೂನ್’ ಮಾತ್ರ ‘ಆಫ್ಟರ್’ ಜೊತೆಗಷ್ಟೇ. ‘ಸೂನ್ ಬಿಫೋರ್’ ಎಂದು ಇಂಗ್ಲಿಷಿನವರು ಆಡುವುದಿಲ್ಲ. ‘ರೈಟ್ ಆಫ್ಟರ್’ ಮಾತಿಗೆ ಚೆನ್ನ, ಪರೀಕ್ಷೆಯ ಪ್ರಬಂಧಕ್ಕೆ ‘ಶಾರ್ಟ್ಲಿ’ಯೇ ಮೇಲು.

ಹೆಚ್ಚು ಹೊತ್ತು ಕೊಡಬೇಕಾದದ್ದು ಕ್ರಿಯಾಪದದ ಕಾಲಕ್ಕೆ. ‘ಆಫ್ಟರ್’ ವಾಕ್ಯದಲ್ಲಿ ಸರಿಯಾಗಿ ಬರೆಯುವ ಹುಡುಗಿಯೇ ‘ಬಿಫೋರ್’ ಬಂದ ಕೂಡಲೇ ‘ದ ಬಸ್ ಲೆಫ್ಟ್ ಬಿಫೋರ್ ವಿ ರೀಚ್ ಮದ್ದೂರ್’ ಎಂದು ಬರೆಯುತ್ತಾಳೆ. ಇದು ಅಜಾಗ್ರತೆ ಅಲ್ಲ. ಕನ್ನಡದಲ್ಲಿ ‘ತಲುಪಿದ ಮೇಲೆ’ ಎನ್ನುತ್ತೇವೆ, ಆದರೆ ‘ತಲುಪುವ ಮುಂಚೆ’ ಎನ್ನುತ್ತೇವೆ. ‘ಮುಂಚೆ’ಯ ಹಿಂದೆ ‘ತಲುಪಿದ’ ಬರುವುದೇ ಇಲ್ಲ. ಆ ‘ತಲುಪುವ’ವೇ ‘ರೀಚ್’ ಆಗಿ ಇಳಿಯುತ್ತದೆ. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಬರೀ ‘ತಪ್ಪು’ ಎಂದು ಕೆಂಪು ಗೆರೆ ಎಳೆದರೆ ಮುಂದಿನ ಪುಟದಲ್ಲೂ ಅದೇ ತಪ್ಪು. ಕಥೆ ಭೂತಕಾಲದಲ್ಲಿದ್ದರೆ ಚೌಕದ ಎರಡೂ ಕಡೆ ಭೂತಕಾಲದ ರೂಪವೇ ಇರಬೇಕು.

‘ಹ್ಯಾಡ್’ ಎಲ್ಲಿ? ‘ಜಸ್ಟ್ ಆಫ್ಟರ್’, ‘ಇಮ್ಮೀಡಿಯೇಟ್ಲಿ ಆಫ್ಟರ್’ ಇದ್ದಾಗ ಯಾವುದು ಮೊದಲು ಎಂಬುದು ಅಲ್ಲೇ ಗೊತ್ತಾಗುವುದರಿಂದ ಸಾಮಾನ್ಯವಾಗಿ ಬೇಕಿಲ್ಲ: ‘ಇಟ್ ರೇನ್ಡ್ ಜಸ್ಟ್ ಆಫ್ಟರ್ ದ ಬೆಲ್ ರ‍್ಯಾಂಗ್.’ ‘ಲಾಂಗ್ ಬಿಫೋರ್’ ಇದ್ದಾಗ ಹಾಕಿದರೆ ಚೆನ್ನಾಗಿ ಕೂರುತ್ತದೆ, ಆದರೆ ಮೊದಲು ನಡೆದ ಕೆಲಸಕ್ಕೆ ಹಾಕಬೇಕು: ‘ದ ಬಸ್ ಹ್ಯಾಡ್ ಲೆಫ್ಟ್ ಲಾಂಗ್ ಬಿಫೋರ್ ವಿ ರೀಚ್ಡ್ ಮದ್ದೂರ್.’

ಚೌಕದ ಉಪಾಯ ಸಲೀಸಾಗಿ ನಡೆಯದ ಕಡೆಗಳೂ ಇವೆ. ‘ಬಸ್ ಬಂದ ಮೇಲೆಯೇ ಹೊರಟೆವು’ ಎಂಬಲ್ಲಿ ಒತ್ತು ಕೊಡುವ ‘ಏ’ ಪದದ ಬಾಲದಲ್ಲಿದೆ. ಇಂಗ್ಲಿಷಿನಲ್ಲಿ ಅದು ತಲೆಗೆ ಬರಬೇಕು: ‘ಓನ್ಲಿ ಆಫ್ಟರ್ ದ ಬಸ್ ಕೇಮ್’. ‘ಆಫ್ಟರ್ ಓನ್ಲಿ’ ಎಂಬ ನಮ್ಮ ಬಸ್‌ಸ್ಟ್ಯಾಂಡ್ ಇಂಗ್ಲಿಷ್ ಹುಟ್ಟಿದ್ದು ಈ ಬಾಲದಿಂದಲೇ. ‘ಬರುವ ಮುಂಚೆಯೇ’ ಕೂಡ ಹೀಗೇ, ‘ಈವನ್ ಬಿಫೋರ್’ ಆಗುತ್ತದೆ.

‘ತಕ್ಷಣ’ದ ತೊಂದರೆ ಬೇರೆ. ‘ಬೆಲ್ ಹೊಡೆದ ತಕ್ಷಣ’ ಎಂಬಲ್ಲಿ ‘ಮೇಲೆ’ ಎಂಬ ಪದ ಕಾಣುವುದೇ ಇಲ್ಲ, ಅರ್ಥ ಒಳಗೇ ಇದೆ. ಹಾಗಾಗಿ ಮಕ್ಕಳು ‘ಇಮ್ಮೀಡಿಯೇಟ್ಲಿ’ ಬರೆದು ‘ಆಫ್ಟರ್’ ಬಿಡುತ್ತಾರೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಇಮ್ಮೀಡಿಯೇಟ್ಲಿ ದ ಬೆಲ್ ರ‍್ಯಾಂಗ್’ ಎಂಬ ಬಳಕೆ ಇದೆ ನಿಜ. ಆದರೂ ಕಲಿಯುವವರಿಗೆ ‘ಇಮ್ಮೀಡಿಯೇಟ್ಲಿ ಆಫ್ಟರ್’ ಅಥವಾ ‘ಆ್ಯಸ್ ಸೂನ್ ಆ್ಯಸ್’ ಇವೆರಡನ್ನೇ ಕೊಡುವುದು ಒಳ್ಳೆಯದು.

ಇನ್ನು ‘ಸರಿಯಾಗಿ ನಾವು ಹೊರಡೋ ಹೊತ್ತಿಗೆ ಮಳೆ ಬಂತು’. ‘ಸರಿಯಾಗಿ’ ವಾಕ್ಯದ ತುದಿಯಲ್ಲಿ, ‘ಹೊತ್ತಿಗೆ’ ಎಲ್ಲೋ ಮಧ್ಯದಲ್ಲಿ. ‘ಕರೆಕ್ಟ್ಲಿ ವೆನ್’ ಎಂದು ಬರೆದುಬಿಡುತ್ತಾರೆ. ಎರಡನ್ನೂ ಒಟ್ಟಿಗೆ ತಂದರೆ ‘ಜಸ್ಟ್ ಆ್ಯಸ್’: ‘ಇಟ್ ರೇನ್ಡ್ ಜಸ್ಟ್ ಆ್ಯಸ್ ವಿ ವರ್ ಲೀವಿಂಗ್.’ ಹೊರಡುವುದು ಇನ್ನೂ ನಡೆಯುತ್ತಿದ್ದುದರಿಂದ ಅಲ್ಲಿ ‘ವರ್ ಲೀವಿಂಗ್’.

‘ಮಂಡ್ಯ ತಲುಪಿದ ಸ್ವಲ್ಪ ಹೊತ್ತಿಗೆ ಮಳೆ ಶುರುವಾಯಿತು’ ಎಂದರೆ ತಲುಪಿದ್ದು ಯಾರು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ‘ಸೂನ್ ಆಫ್ಟರ್ ರೀಚಿಂಗ್ ಮಂಡ್ಯ, ಇಟ್ ಸ್ಟಾರ್ಟೆಡ್ ಟು ರೇನ್’ ಎಂದು ಬರೆದರೆ ಮಾತ್ರ ತಲುಪಿದವರು ಯಾರೆಂಬುದು ವಾಕ್ಯದಲ್ಲಿ ಎಲ್ಲೂ ಸಿಗುವುದಿಲ್ಲ. ಎರಡು ಕೆಲಸಗಳ ಕರ್ತೃ ಬೇರೆಯಾದರೆ ‘ವಿ ರೀಚ್ಡ್’ ಎಂದು ಬಿಡಿಸಿಯೇ ಬರೆಸಿ.

ಸಮಯದ ತುಂಡು ವಾಕ್ಯದ ಮೊದಲಿಗೆ ಬಂದರೆ ಚೌಕವೂ ಅದರ ಜೊತೆ ಮೊದಲಿಗೆ ಬರುತ್ತದೆ, ತುಂಡು ಮುಗಿದ ಕಡೆ ಅಲ್ಪವಿರಾಮ. ‘ಓನ್ಲಿ ಆಫ್ಟರ್’ ಹಾಗೆ ಮೊದಲಿಗೆ ಬಂದಾಗ ಮುಖ್ಯ ವಾಕ್ಯದ ಕ್ರಮವೂ ತಿರುಗುತ್ತದೆ: ‘ಓನ್ಲಿ ಆಫ್ಟರ್ ದ ಬಸ್ ಕೇಮ್ ಡಿಡ್ ವಿ ಲೀವ್.’ ಇಲ್ಲಿ ಅಲ್ಪವಿರಾಮ ಬೇಡ, ಮತ್ತು ‘ಡಿಡ್’ ಬಂದಿರುವುದರಿಂದ ‘ಲೆಫ್ಟ್’ ಹೋಗಿ ‘ಲೀವ್’ ಆಗಿದೆ. ‘ಡಿಡ್ ವಿ ಲೆಫ್ಟ್’ ಎಂಬುದು ಉತ್ತರಪತ್ರಿಕೆಯಲ್ಲಿ ಮೊದಲು ಹುಡುಕಬೇಕಾದ ತಪ್ಪು. ಈ ರೂಪವನ್ನು ಉಳಿದದ್ದೆಲ್ಲ ಬಾಯಿಗೆ ಬಂದ ಮೇಲೆಯೇ ತೆಗೆದುಕೊಳ್ಳಿ. ಮೊದಲ ದಿನವೇ ಹೇಳಿದರೆ ಮಕ್ಕಳು ‘ಸೂನ್ ಆಫ್ಟರ್’ ವಾಕ್ಯಗಳನ್ನೂ ತಿರುಗಿಸಿ ಬರೆಯಲು ಶುರು ಮಾಡುತ್ತಾರೆ.