ಜಿಪ್ಸಿ ಎತ್ತಿದ್ದು, ಮತ್ತೆ ಇಳಿಸಿದ್ದು

ಈ ಮಳೆಗಾಲದಲ್ಲಿ ನಮ್ಮ ತೋಟದ ಹಿಂದಿನ ಕೆಸರು ಏರನ್ನು ನನ್ನ ಮಾರುತಿ ಜಿಪ್ಸಿ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯೋ ಯಂತ್ರ) ಇಲ್ಲದೆ ಹತ್ತಿತು. ಒಂದಲ್ಲ, ಮೂರು ಸಲ. ಮೊದಲನೇ ಸಲ ಅದೃಷ್ಟ ಅಂದವರು ಮೂರನೇ ಸಲ ಸುಮ್ಮನಾದರು. ಹಾಕಿದ್ದು 6.00-16 ಟೈರ್. ಹೌದು, ಹಳೇ ಜೀಪಿನ ಅದೇ ಸಪೂರ, ದಪ್ಪ ಕಚ್ಚಿನ ಲಗ್ ಟೈರ್: ಅಗಲ ಆರು ಇಂಚು, ರಿಮ್ ಹದಿನಾರು. "ಗೌಡ್ರೇ, ಟ್ರೇಲರ್ ಚಕ್ರ ಬಿಚ್ಕೊಂಡು ಬಂದ್ರಾ?" ಅಂತ ಸಕಲೇಶಪುರದ ಗೆಳೆಯರು ನಕ್ಕಿದ್ದರು.

ಮೊದಲು ನಾನೂ ಎಲ್ಲರ ಹಾಗೆ ಗಾಡಿ ಎತ್ತಿದವನೇ. ಬ್ಲೇಡ್ ಸೆಟ್ಟನ್ನು, ಅಂದರೆ ಗಾಡಿ ಹೊರೋ ಸ್ಪ್ರಿಂಗ್ ಪಟ್ಟಿಗಳನ್ನು, ಆಕ್ಸಲ್ ಕೆಳಗಿಂದ ಮೇಲಕ್ಕೆ ತಂದು, 31 ಇಂಚು ಎತ್ತರದ ಅಗಲ ಟೈರ್ ಹಾಕಿಸಿದೆ. ರಿಮ್, ವೆಲ್ಡಿಂಗ್ ಎಲ್ಲ ಸೇರಿ ಲಕ್ಷದ ಹತ್ತಿರ ಹೋಯಿತು. ನೋಡೋಕೆ ಭಲೇ ಇತ್ತು. ಓಡಿಸೋಕೆ? ಗುಂಡಿಗೆ ಬಿದ್ದಾಗಲೆಲ್ಲ ಸ್ಟೇರಿಂಗ್ ತಾನೇ ತಿರುಗುತ್ತಿತ್ತು. ಏರಿನಲ್ಲಿ ಕ್ಲಚ್ ಬಿಟ್ಟರೆ ಹಿಂದಿನ ಬ್ಲೇಡ್ ಹಾವಿನ ಹಾಗೆ ಸೊಟ್ಟಗಾಗಿ, ಚಕ್ರಕ್ಕೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು) ಎರಡು ಸಲ ಮುರಿಯಿತು. ಓರೆ ಇಳಿಜಾರಲ್ಲಿ ಪಕ್ಕದಲ್ಲಿ ಕೂತವರು ಕಂಬಿ ಬಿಡುತ್ತಿರಲಿಲ್ಲ.

ಕೊನೆಗೆ ಎಲ್ಲ ಬಿಚ್ಚಿ ಕಂಪನಿಯಿಂದ ಬಂದಾಗ ಇದ್ದ ಹಾಗೆ ಮಾಡಿದೆ. ಇನ್ನೊಂದು ಹದಿನೈದು ಸಾವಿರ ದಂಡ. ಗಾಡಿಗೆ ಹದಿನೈದು ವರ್ಷ ತುಂಬುತ್ತಾ ಬಂದು, ಆರ್‌ಟಿಒ ಗಾಡಿ ನೋಡೋ ರೀ-ರಿಜಿಸ್ಟ್ರೇಶನ್ ಬೇರೆ ಹತ್ತಿರ ಬಂದಿತ್ತು. ಈ ಸಲ ವೆಲ್ಡಿಂಗ್ ಬೇಡ, ಬೋಲ್ಟ್ ಬಿಚ್ಚಿದರೆ ಹಳೇ ಸ್ಥಿತಿಗೆ ಬರಬೇಕು ಅಂತ ಹಠ ಹಿಡಿದೆ.

ಸ್ಪ್ರಿಂಗ್ ಮೆದುವಾಗಲಿ ಅಂತ ಹಿಂಬದಿ ಸೆಟ್ಟಿಂದ ಬ್ಲೇಡ್ ತೆಗೀತೀನಿ ಅಂದಾಗ ಮೆಕ್ಯಾನಿಕ್, "ಅಣ್ಣ, ಗಾಡಿ ಕೂತ್ಬಿಡುತ್ತೆ" ಅಂದ. ಅವನ ಮಾತು ಅರ್ಧ ನಿಜವಾಯಿತು. ಮೂರು ತೆಗೆದಾಗ ಕೂತಿತು. ಎರಡೇ ತಿಂಗಳಿಗೆ ಮೇನ್ ಬ್ಲೇಡ್ ಸೆಂಟರ್ ಬೋಲ್ಟ್ ತೂತಿನ ಹತ್ತಿರ ಸೀಳಿತು. ಆಮೇಲೆ ಬೇರೆ ಮೇನ್ ಬ್ಲೇಡ್ ತಂದು, ಬಾಗು ಸ್ವಲ್ಪ ಜಾಸ್ತಿ ಮಾಡಿ ಹೊಡೆಸಿ, ಎರಡನ್ನು ಮಾತ್ರ ತೆಗೆದೆ. ಆಗ ಸರಿಹೋಯಿತು. ಒಂದು ಚಕ್ರ ಗುಂಡಿಗೆ ಇಳಿದರೂ ಉಳಿದ ಮೂರು ನೆಲ ಬಿಡುವುದಿಲ್ಲ. ಶಾಕ್ ಅಬ್ಸಾರ್ಬರ್ ಬೇರೆ ಗಾಡಿಯದ್ದು, ಒರಿಜಿನಲ್‌ಗಿಂತ ಉದ್ದ. ಯಾವ ಗಾಡಿಯದ್ದು ಅಂತ ಮಾತ್ರ ಹೇಳಲ್ಲ. ಅದನ್ನು ಹುಡುಕೋಕೆ ನನಗೆ ಆರು ತಿಂಗಳು ಹಿಡಿದಿದೆ.

ಮಧ್ಯದಲ್ಲಿ ಒಂದು ಹುಚ್ಚು. ಬ್ಲೇಡ್‌ಗಳ ನಡುವೆ ಗ್ರೀಸ್ ಬದಲು ತೋಟದ ಹಳೇ ಸ್ಪ್ರಿಂಕ್ಲರ್ ಪೈಪ್ ಸೀಳಿ ಪಟ್ಟಿ ಇಟ್ಟೆ. ಕಿರುಗುಟ್ಟೋ ಸದ್ದು ನಿಂತಿತು. ಬಿಸ್ಲೆ ಘಾಟಿ ಇಳಿದು ಬರುವಷ್ಟರಲ್ಲಿ ಅರ್ಧ ಪಟ್ಟಿ ದಾರಿಯಲ್ಲೇ ಉದುರಿದ್ದವು. ತುದಿಗೆ ಚಿಕ್ಕ ತೂತು ಹಾಕಿ ಕಟ್ಟಿದ ಮೇಲೆ ನಿಂತಿವೆ.

ಇನ್ನು ಟೈರ್. ಜೀಪಿನ ರಿಮ್ಮಿಗೂ ಜಿಪ್ಸಿ ಹಾಗೆ ಐದೇ ನಟ್, ಪಿಸಿಡಿ (ನಟ್ ಕೂರೋ ವೃತ್ತದ ಅಡ್ಡಳತೆ) ಅದೇ 139.7 ಮಿ.ಮೀ. ಗುಜರಿಯಲ್ಲಿ ಐದು ರಿಮ್, ಹೊಸ ಟೈರ್, ಟ್ಯೂಬ್ ಸೇರಿ ಇಪ್ಪತ್ತೈದು ಸಾವಿರದ ಒಳಗೇ ಮುಗಿಯಿತು. ನಮ್ಮ ಕಡೆ ಮೇಲೆ ಅರ್ಧ ಗೇಣು ಕೆಸರು, ಅಡಿಗೆ ಗಟ್ಟಿ ನೆಲ. ಅಗಲದ ಟೈರ್ ಮೇಲೇ ಜಾರುತ್ತೆ, ಸಪೂರದ್ದು ಸೀಳಿಕೊಂಡು ಕೆಳಗೆ ಹೋಗಿ ಕಚ್ಚುತ್ತೆ. ಅದೇ ಧೈರ್ಯದಲ್ಲಿ ಗದ್ದೆಗೂ ಇಳಿಸಿದೆ. ಅಲ್ಲಿ ಅಡಿಗೆ ಗಟ್ಟಿ ನೆಲವೇ ಇಲ್ವಲ್ಲ, ಟ್ರ್ಯಾಕ್ಟರ್ ಕರೆಸಿ ಎಳೆಸಬೇಕಾಯಿತು.

ಕೆಸರಿಗೆ ಹೋಗುವಾಗ ಟೈರಿನ ಗಾಳಿ 15 ಪಿಎಸ್‌ಐಗೆ ಇಳಿಸುತ್ತೇನೆ. ಒಂದು ಸಲ 10ಕ್ಕೆ ಇಳಿಸಿದಾಗ ಟೈರ್ ರಿಮ್ಮಿನ ಮೇಲೆ ಜಾರಿ, ಟ್ಯೂಬಿಗೆ ಗಾಳಿ ತುಂಬೋ ಮೌತ್ ಕಿತ್ತು ಬಂತು. ಜಡಿಮಳೆಯಲ್ಲಿ ಪಂಕ್ಚರ್ ಹಾಕೋ ಸುಖ ನಿಮಗೆ ಗೊತ್ತಲ್ವಾ? ಈಗ ಟೈರಿಗೂ ರಿಮ್ಮಿಗೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಏರು ಹತ್ತಿದ ಮೇಲೆ ಇಳಿದು ನೋಡುತ್ತೇನೆ. ಗೆರೆ ಬೆರಳಷ್ಟು ಸರಿದಿದ್ದರೆ ಪೂರ್ತಿ ಗಾಳಿ ಬಿಟ್ಟು, ಟೈರ್ ಸರಿಮಾಡಿ ಮತ್ತೆ ತುಂಬುತ್ತೇನೆ.

ಚಕ್ರ ಎತ್ತರವಾಗಿರುವುದರಿಂದ ಮೀಟರ್ 60 ತೋರಿಸಿದಾಗ ನಿಜವಾಗಿ 65 ಇರುತ್ತೆ. ಬ್ಲೇಡ್ ಕಡಿಮೆಯಾಗಿರುವುದರಿಂದ ಗೊಬ್ಬರದ ಮೂಟೆ ಮೂರಕ್ಕಿಂತ ಜಾಸ್ತಿ ಹೇರುವ ಹಾಗಿಲ್ಲ. ತೋಟದ ಲೆಕ್ಕ ನೋಡೋ ನಮ್ಮ ರೈಟರ್‌ಗೆ ಅದೇ ಸಿಟ್ಟು. ಮಳೆಯಲ್ಲಿ ಟಾರ್ ರಸ್ತೆ ಮೇಲೆ ಬ್ರೇಕ್ ಹಿಡಿದರೆ ಎದೆ ಝಲ್ಲೆನ್ನುತ್ತೆ, ಹಾಗಾಗಿ ಹಾಸನಕ್ಕೆ ಹೋಗುವ ದಿನ ಕಂಪನಿಯ ಹಳೇ 205 ಮಿ.ಮೀ. ಅಗಲದ ಚಕ್ರ. ಬದಲಾಯಿಸೋಕೆ ಅರ್ಧ ಗಂಟೆ ಸಾಕು. ಟ್ರೇಲರ್ ಚಕ್ರ ಅಂತ ನಕ್ಕವರಲ್ಲೊಬ್ಬರು ಮೊನ್ನೆ ಫೋನ್ ಮಾಡಿ ರಿಮ್ ಎಲ್ಲಿ ಸಿಕ್ಕಿತು ಅಂತ ಕೇಳಿದರು.